ಮನಸ್ಸಿನ ಮಾತು: ಮರೆತ ಮಾತ್ರಕ್ಕೆ ದಡ್ಡಿಯಲ್ಲ

ಮನಶ್ಶಾಸ್ತ್ರ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕಡೆಯ ಮಂದಿಗೆ ಮೊದಲು ನೆನಪಾಗುವುದು ಧಾರವಾಡದ ಆಸ್ಪತ್ರೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ ಸಾಕು, "ಇವನ್ನ ಧಾರವಾಡಕ್ಕ ಕಳಸಬೇಕ ನೋಡು" ಎಂದು ನಗೆಯಾಡುತ್ತೇವೆ. 1845ರಲ್ಲಿ ಶುರುವಾದ ಆ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಎಷ್ಟೋ ಸಂಸಾರಗಳ ಕಣ್ಣೀರು ಒರೆಸಿದ ಜಾಗ ಅದು, ನಗೆಯಾಡುವಂಥದ್ದಲ್ಲ. ಇನ್ನೊಂದು ಮಾತೆಂದರೆ, ಮನಶ್ಶಾಸ್ತ್ರ ಅಂದರೆ ಬರೀ ಬೇನೆಯ ವಿಚಾರವೂ ಅಲ್ಲ. ಚೆನ್ನಾಗಿರುವ ಮನಸ್ಸು ದಿನನಿತ್ಯ ಹೇಗೆ ನೋಡುತ್ತದೆ, ಹೇಗೆ ಕಲಿಯುತ್ತದೆ, ಏನನ್ನು ನೆನಪಿಡುತ್ತದೆ, ಏಕೆ ಹೆದರುತ್ತದೆ ಎಂದು ತಿಳಿಸುವ ಶಾಸ್ತ್ರ ಅದು. ನಮ್ಮ ನಾಡಿಗೆ ಇದು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರದ ವಿಭಾಗ ಪ್ರಾರಂಭವಾಯಿತು. ಅದನ್ನು ಕಟ್ಟಿದವರು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ "ಆಕಾಶವಾಣಿ" ಎಂಬ ಬಾನುಲಿ ಕೇಂದ್ರ ತೆರೆದವರೂ ಅವರೇ.

ಈ ಸಲ ಈ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದಾದ ನೆನಪು-ಮರೆವಿನ ಬಗ್ಗೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಪತ್ರ. ಸೋದರಿಯ ಹೆಸರು, ಊರು ಇಲ್ಲಿ ಬೇಡ. ಅವರ ಮಾತಿನಲ್ಲೇ ಓದಿ:

"ಅಕ್ಕಾರ, ನನ್ನ ಮಗಳು ಹತ್ತನೇ ಇಯತ್ತೆದಾಗ ಓದತಾಳ. ರಾತ್ರಿ ಹನ್ನೊಂದರ ತನಕ ಪುಸ್ತಕ ಹಿಡಕೊಂಡು ಕುಂತಿರತಾಳ. ಮುಂಜಾನೆ ಕೇಳಿದ್ರ ಪಟಪಟ ಅಂತ ಹೇಳತಾಳ. ಪರೀಕ್ಷಾಕ್ಕ ಕುಂತ್ರ ಎಲ್ಲಾ ಮರ್ತು ಹೋತು ಅಂತಾಳ. ಪೂರ್ವಸಿದ್ಧತಾ ಪರೀಕ್ಷಾದಾಗ ಮೂರು ವಿಷಯ ಹೋದವು. ಅವರಪ್ಪಾರು, 'ಇಕಿ ತಲ್ಯಾಗ ಏನೂ ನಿಲ್ಲಂಗಿಲ್ಲ, ಸಾಲಿ ಬಿಡಿಸಿಬಿಡೂಣು. ಹೆಂಗೂ ನಮ್ಮಕ್ಕನ ಮಗ ಅದಾನ, ಬರೂ ಬ್ಯಾಸಿಗ್ಯಾಗ ಅಕ್ಕಿಕಾಳ ಹಾಕಿಬಿಡೂಣು' ಅನ್ನಾಕ ಹತ್ಯಾರ. ಖರೇನ ನನ್ನ ಮಗಳಿಗೆ ತಲಿ ಇಲ್ಲೇನ್ರಿ?"

ಈ ಪ್ರಶ್ನೆ ಒಬ್ಬ ತಾಯಿಯದಲ್ಲ. ಪರೀಕ್ಷೆಯ ಕಾಲ ಬಂದರೆ ಎಷ್ಟೋ ಮನೆಗಳಲ್ಲಿ ಇದೇ ಮಾತು. ಗಂಡುಹುಡುಗ ಮರೆತರೆ "ಲಕ್ಷ್ಯ ಇಲ್ಲ, ಟ್ಯೂಶನ್ ಹಚ್ಚೂಣು" ಅನ್ನುತ್ತಾರೆ. ಹುಡುಗಿ ಮರೆತರೆ "ತಲಿ ಇಲ್ಲ, ಮದುವಿ ಮಾಡೂಣು" ಅನ್ನುತ್ತಾರೆ. ಇಬ್ಬರದೂ ಒಂದೇ ಮರೆವು, ಆದರೆ ಕೊಡುವ ತೀರ್ಪು ಮಾತ್ರ ಬೇರೆ. ಆದ್ದರಿಂದ ಮರೆವು ಅಂದರೇನು ಎಂದು ತಾಯಂದಿರು ತಿಳಿದುಕೊಳ್ಳಬೇಕಾದದ್ದು ಬಹಳ ಅವಶ್ಯ.

ಬಾಗಿಲು, ಮೊರ, ಹಗೇವು

ಮನಸ್ಸಿನ ನೆನಪಿನ ವ್ಯವಸ್ಥೆಯನ್ನು ನಮ್ಮ ಮನೆಗೇ ಹೋಲಿಸಿ ನೋಡೋಣ. ಮೊದಲನೆಯದು ತಲಬಾಗಿಲು. ಇದಕ್ಕೆ ಶಾಸ್ತ್ರದಲ್ಲಿ ಅವಧಾನ ಅನ್ನುತ್ತಾರೆ, ನಾವು ಲಕ್ಷ್ಯ ಅನ್ನುತ್ತೇವೆ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿಸಿದ್ದು ಎಲ್ಲ ಒಳಗೆ ಬರುವುದಿಲ್ಲ. ಲಕ್ಷ್ಯ ಕೊಟ್ಟದ್ದು ಮಾತ್ರ ಬಾಗಿಲು ದಾಟುತ್ತದೆ. ಎದುರಿಗೆ ಪುಸ್ತಕ, ಪಕ್ಕದಲ್ಲಿ ಮೊಬೈಲು, ಆಚೆ ಪಡಸಾಲೆಯಲ್ಲಿ ಧಾರಾವಾಹಿಯ ಅಳು, ನಡುನಡುವೆ "ಏ, ಹಾಲು ಉಕ್ಕತೈತಿ ನೋಡ" ಎಂಬ ಕೂಗು. ಇಷ್ಟರ ನಡುವೆ ಹುಡುಗಿ ಎರಡು ತಾಸು ಕುಳಿತರೂ ಬಾಗಿಲು ದಾಟಿದ್ದು ಅರ್ಧ ತಾಸಿನದೂ ಇರಲಿಕ್ಕಿಲ್ಲ. ಆಗ ಅವಳು ಮರೆತಳು ಎನ್ನುವುದೇ ತಪ್ಪು. ಒಳಗೆ ಬಾರದ್ದನ್ನು ಮರೆಯುವುದಾದರೂ ಹೇಗೆ?

ಎರಡನೆಯದು ಮೊರ. ಬಾಗಿಲು ದಾಟಿ ಬಂದದ್ದು ಮೊದಲು ಕೈಯಲ್ಲಿನ ಮೊರಕ್ಕೆ ಬೀಳುತ್ತದೆ. ಇದು ಅಲ್ಪಕಾಲದ ನೆನಪು. ಮೊರ ಬಹಳ ಸಣ್ಣದು. ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1956ರಲ್ಲಿ, ಮನಸ್ಸು ಒಂದು ಹೊತ್ತಿಗೆ ಸುಮಾರು ಏಳು ಸಂಗತಿಗಳನ್ನು ಹಿಡಿದುಕೊಳ್ಳಬಲ್ಲದು ಎಂದು ಬರೆದ. ಈಚಿನವರು ಏಳೂ ಹೆಚ್ಚಾಯಿತು, ನಾಲ್ಕರ ಸುಮಾರು ಇದ್ದೀತು ಅನ್ನುತ್ತಾರೆ. ಹತ್ತಂಕಿಯ ಫೋನ್ ನಂಬರನ್ನು ನಾವು ಒಂದೊಂದೇ ಅಂಕಿಯಾಗಿ ಹೇಳದೆ ಎರಡೆರಡು, ಮೂರು ಮೂರು ಕೂಡಿಸಿ ಹೇಳುವುದು ಇದಕ್ಕಾಗಿಯೇ. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುವಾಗ ನೋಡಿ. ರೂಢಿಯಾದವಳು ಒಂದೊಂದು ಚುಕ್ಕಿ, ಒಂದೊಂದು ಗೆರೆ ನೆನಪಿಡುವುದಿಲ್ಲ. "ಇದು ಕಮಲ, ಇದು ಬಳ್ಳಿ" ಎಂದು ಕೂಡಿಸಿಯೇ ನೆನಪಿಡುತ್ತಾಳೆ. ಇಪ್ಪತ್ತು ಗೆರೆ ಸೇರಿ ಒಂದು ಕಮಲವಾದರೆ ಮೊರದಲ್ಲಿ ಅದು ಒಂದೇ ಕಾಳಿನ ಜಾಗ ಹಿಡಿಯುತ್ತದೆ. ಪಾಠವನ್ನೂ ಹಾಗೆ ಅರ್ಥದಿಂದ ಕೂಡಿಸಿದರೆ ಹಿಡಿಯುವುದು ಸುಲಭ. ಅರ್ಥವಿಲ್ಲದೆ ಉರು ಹೊಡೆದರೆ ಒಂದೊಂದು ಅಕ್ಷರವೂ ಒಂದೊಂದು ಕಾಳಾಗಿ ಮೊರ ತುಂಬಿ ಚೆಲ್ಲುತ್ತದೆ.

ಮೂರನೆಯದು ಹಗೇವು. ಹಿಂದೆ ನಮ್ಮ ಊರುಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಹಾಗೆ ಬಹುಕಾಲ ಉಳಿಯುವ ನೆನಪು ಇದು. ಇದರ ತಳ ಕಂಡವರಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಿ. ಹಗೇವಿನಿಂದ ಜೋಳ ತೆಗೆದಷ್ಟೂ ಕಡಿಮೆಯಾಗುತ್ತದೆ. ನೆನಪು ಹಾಗಲ್ಲ, ತೆಗೆದಷ್ಟೂ ಗಟ್ಟಿಯಾಗುತ್ತದೆ. ಇವತ್ತಿನ ಲೇಖನದಲ್ಲಿ ಬೇರೇನು ಮರೆತರೂ ಈ ಒಂದು ಮಾತು ಮರೆಯಬೇಡಿ.

ಹಗೇವಿನಲ್ಲೂ ಬೇರೆ ಬೇರೆ ಭಾಗಗಳುಂಟು. ಕಿತ್ತೂರಿನ ಯುದ್ಧ 1824ರಲ್ಲಿ ನಡೆಯಿತು ಎಂಬುದು ಮಾತಿನ ನೆನಪು, ಕೇಳಿದರೆ ಬಾಯಿಂದ ಹೇಳಬಹುದು. ರೊಟ್ಟಿ ಬಡಿಯುವುದು ಕೈಯ ನೆನಪು. ಹಿಟ್ಟಿಗೆ ಬಿಸಿನೀರು ಎಷ್ಟು, ಯಾವ ಕ್ಷಣಕ್ಕೆ ತಿರುವಬೇಕು ಎಂದು ಸೊಸೆ ಕೇಳಿದರೆ ಅತ್ತೆಯವರು "ಕೈಗೆ ಗೊತ್ತಾಗತೈತಿ" ಅನ್ನುತ್ತಾರೆಯೇ ಹೊರತು ಅಳತೆ ಹೇಳುವುದಿಲ್ಲ. ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳ ಬೆರಳಿನಲ್ಲಿರುವುದೂ ಈ ತರದ ನೆನಪೇ. ಇನ್ನೂ ಒಂದು ಸೋಜಿಗ ನೋಡಿ. ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ಕಡೆ ಪ್ರಸಿದ್ಧ. ಅದರಲ್ಲಿ ಮಲಗಿ ಬೆಳೆದವರು ಯಾರೂ ಆ ದಿನಗಳನ್ನು ನೆನೆಸಿಕೊಳ್ಳಲಾರರು. ಹೆಚ್ಚಿನವರಿಗೆ ಮೂರು-ನಾಲ್ಕು ವರ್ಷಕ್ಕೂ ಹಿಂದಿನದು ನೆನಪಿರುವುದಿಲ್ಲ. ಆದರೂ ತೊಟ್ಟಿಲಲ್ಲಿ ಕೇಳಿದ ತಾಯಿನುಡಿ ಜನ್ಮಪೂರ್ತಿ ಉಳಿಯುತ್ತದೆ.

ಈಗ ಪತ್ರದ ಹುಡುಗಿಯನ್ನೇ ನೆನೆಯಿರಿ. ಅವಳಿಗೆ ರೊಟ್ಟಿ ಬರುತ್ತದೆ, ರಂಗೋಲಿ ಬರುತ್ತದೆ, ಓಣಿಯ ಮಂದಿಯ ಸಂಬಂಧ-ಬಾಂಧವ್ಯ ಎಲ್ಲ ಗೊತ್ತಿರುತ್ತದೆ. ಇಷ್ಟೆಲ್ಲ ನಿಂತಿರುವ ತಲೆಯಲ್ಲಿ "ಏನೂ ನಿಲ್ಲಂಗಿಲ್ಲ" ಅನ್ನುವುದು ಹೇಗೆ ಸರಿ? ನಿಲ್ಲುವ ಶಕ್ತಿ ಇದೆ. ಪಾಠವನ್ನು ನಿಲ್ಲಿಸುವ ರೀತಿ ತಿಳಿದಿಲ್ಲ, ಅಷ್ಟೇ.

ಮರೆವನ್ನು ಅಳೆದ ಮನುಷ್ಯ

ಜರ್ಮನಿಯಲ್ಲಿ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನಿದ್ದ. ಮರೆವನ್ನು ಅಳೆಯಲು ಬರುತ್ತದೆಯೇ ಎಂದು ಅವನಿಗೆ ಪ್ರಶ್ನೆ ಬಂತು. ಪ್ರಯೋಗಕ್ಕೆ ಬೇರೆ ಯಾರನ್ನೂ ಹುಡುಕಲಿಲ್ಲ, ತಾನೇ ಕುಳಿತ. ಅರ್ಥವೇ ಇಲ್ಲದ ಮೂರಕ್ಷರದ ತುಣುಕುಗಳನ್ನು ಎರಡು ಸಾವಿರಕ್ಕೂ ಮೇಲೆ ಮಾಡಿಕೊಂಡ. ಅವುಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಗೊತ್ತಾದ ಅಂತರ ಬಿಟ್ಟು, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಇಟ್ಟ. 1885ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ.

ಅವನ ಲೆಕ್ಕ ಹೀಗಿತ್ತು. ಕಲಿತ ಒಂದು ತಾಸಿನೊಳಗೇ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಒಂದು ದಿನದ ಮೇಲೆ ಸುಮಾರು ಮೂರರಲ್ಲೊಂದು ಪಾಲು ಉಳಿದಿರುತ್ತದೆ. ಒಂದು ತಿಂಗಳ ಮೇಲೆ ಐದರಲ್ಲೊಂದು ಪಾಲು. ಅಂದರೆ ಮರೆವು ಮೊದಮೊದಲು ಧಡಧಡನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. 2015ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಅದೇ ಫಲ ಬಂತು. ಅರ್ಥವಿರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ ಎಂಬುದು ಸಮಾಧಾನ. ಅರ್ಥ ತಿಳಿಯದೆ ಉರು ಹೊಡೆದ ಪಾಠ ಮಾತ್ರ ಎಬಿಂಗ್‌ಹೌಸನ ತುಣುಕುಗಳ ಹಾಗೇ.

ನೋಡಿ, ಮರೆತವನು ಜರ್ಮನಿಯ ದೊಡ್ಡ ವಿದ್ವಾಂಸ. ಅವನನ್ನು ಯಾರೂ ದಡ್ಡ ಅನ್ನಲಿಲ್ಲ. ಮರೆಯುವುದು ಮನಸ್ಸಿನ ಸಹಜ ಗುಣ, ಹಾಲು ಇಟ್ಟಲ್ಲೇ ಆರಿದ ಹಾಗೆ.

ಅವನೇ ಕಂಡುಕೊಂಡ ಇನ್ನೂ ಎರಡು ಸಂಗತಿ ತಾಯಂದಿರಿಗೆ ಬೇಕಾದವು. ಮೊದಲನೆಯದು, ಪೂರ್ತಿ ಮರೆತೆ ಅನ್ನಿಸಿದ್ದನ್ನೂ ಎರಡನೇ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗಲಿಲ್ಲ. ಅಂದರೆ ಎಲ್ಲ ಅಳಿಸಿ ಹೋಗಿರುವುದಿಲ್ಲ, ಒಳಗೆ ಬೇರು ಉಳಿದಿರುತ್ತದೆ. ಎರಡನೆಯದು, ಒಂದೇ ದಿನ ಕುಳಿತು 68 ಸಲ ಹೇಳಿದ್ದರ ಫಲವನ್ನು ಮೂರು ದಿನಗಳಲ್ಲಿ ಹಂಚಿ 38 ಸಲ ಹೇಳಿಯೇ ಪಡೆಯಬಹುದಾಗಿತ್ತು. ಶ್ರಮ ಅರ್ಧದ ಹತ್ತಿರ, ಫಲ ಅಷ್ಟೇ. ಹೊಲಕ್ಕೆ ಒಂದೇ ದಿನ ಸುರಿದ ಮಳೆ ಹರಿದು ಹಳ್ಳ ಸೇರುತ್ತದೆ, ಬಿಟ್ಟು ಬಿಟ್ಟು ಬಂದ ಮಳೆ ನೆಲಕ್ಕಿಳಿಯುತ್ತದೆ. ಕರಿ ಎರೆಭೂಮಿಯ ಒಕ್ಕಲುಮನೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಓದುವುದು ಬೇರೆ, ನೆನೆಸುವುದು ಬೇರೆ

ಪತ್ರದ ಹುಡುಗಿ ಮುಂಜಾನೆ ಪಟಪಟ ಹೇಳುತ್ತಾಳೆ, ಪರೀಕ್ಷೆಯಲ್ಲಿ ಮರೆಯುತ್ತಾಳೆ. ಇದರ ಗುಟ್ಟೇನು? ರಾತ್ರಿ ನಾಲ್ಕು ಸಲ ಓದಿದ್ದು ಮುಂಜಾನೆಗೆ ಇನ್ನೂ ಬಿಸಿ ಇರುತ್ತದೆ. ಪುಟ ಕಣ್ಣಿಗೆ ಪರಿಚಯವಾಗಿರುತ್ತದೆ. ಪರಿಚಯವನ್ನೇ ಮನಸ್ಸು "ಬಂತು" ಎಂದು ತಿಳಿದು ಮೋಸಹೋಗುತ್ತದೆ. ಸಂತೆಯಲ್ಲಿ ಮುಖ ಕಂಡರೆ ಗುರುತು ಹತ್ತುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಇದೂ ಹಾಗೆಯೇ. ಗುರುತಿಸುವುದು ಸುಲಭ, ನೆನೆಸಿಕೊಳ್ಳುವುದು ಕಷ್ಟ. ಪರೀಕ್ಷೆ ಕೇಳುವುದು ಎರಡನೆಯದನ್ನು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಇದನ್ನು ಒರೆಗೆ ಹಚ್ಚಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ಮತ್ತೊಮ್ಮೆ ಓದಿತು. ಇನ್ನೊಂದು ಗುಂಪು ಓದಿದ ಮೇಲೆ ಪಾಠವನ್ನು ಬದಿಗಿಟ್ಟು, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೂರಕ್ಕೆ 42ರಷ್ಟು, ನೆನೆಸಿ ಬರೆದವರಿಗೆ 56ರಷ್ಟು ಉಳಿದಿತ್ತು. ಪುಸ್ತಕ ಮುಚ್ಚಿ ನೆನೆಸುವಾಗ ತಿಣುಕಾಡುತ್ತೇವಲ್ಲ, ಆ ತಿಣುಕಾಟವೇ ನೆನಪನ್ನು ಗಟ್ಟಿಮಾಡುವುದು.

ಇದನ್ನು ನಮ್ಮವರು ಪ್ರಯೋಗಶಾಲೆ ಇಲ್ಲದೆಯೇ ಕಂಡುಕೊಂಡಿದ್ದರು. ಕುಂದಗೋಳ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಪಾಠಕ್ಕೆ ಹೋಗುತ್ತಿದ್ದ ಸಂಗತಿ ನಿಮಗೆಲ್ಲ ಗೊತ್ತಿರಬಹುದು. ಅಲ್ಲಿಯ ಪಾಠದ ಕ್ರಮ ಎಂಥದು? ಗುರುಗಳು ಹಾಡಿ ತೋರಿಸುವುದು, ಶಿಷ್ಯರು ಪುಸ್ತಕದ ಹಂಗಿಲ್ಲದೆ ಅದನ್ನೇ ತಿರುಗಿ ಹಾಡುವುದು, ತಪ್ಪಿದರೆ ಅಲ್ಲೇ ತಿದ್ದಿಸಿಕೊಂಡು ಮತ್ತೆ ಹಾಡುವುದು. ಮನೆಗೆ ಬಂದು ರಿಯಾಜು, ಮರುಪಾಠಕ್ಕೆ ಮತ್ತೆ ಅದೇ. ಅಂತರ ಬಿಟ್ಟು ಅಭ್ಯಾಸ, ನೆನಪಿನಿಂದ ತೆಗೆಯುವುದು, ತಪ್ಪಿದ ಕೂಡಲೇ ತಿದ್ದುವುದು. ಇವತ್ತಿನ ಶಾಸ್ತ್ರ ಹೇಳುವ ಮೂರೂ ಅದರಲ್ಲಿವೆ. "ಹಾಡ್ತಾ ಹಾಡ್ತಾ ರಾಗ" ಎಂಬ ಗಾದೆ ಇದೆ, "ಓದ್ತಾ ಓದ್ತಾ ರಾಗ" ಎಂದು ಯಾರೂ ಅಂದಿಲ್ಲ.

ಹೆದರಿಕೆ ಮೊರವನ್ನು ತುಂಬುತ್ತದೆ

ಇನ್ನು ಪರೀಕ್ಷೆಯ ಕೋಣೆಯ ಮಾತು. ಎದೆ ಡವಡವ, ಅಂಗೈ ಬೆವರು, ಬಾಯಿ ಒಣಗುವುದು. ಇದು ಹೆದರಿದ ದೇಹದ ಸಹಜ ಲಕ್ಷಣ. ಸ್ವಲ್ಪ ಹೆದರಿಕೆ ಒಳ್ಳೆಯದೇ, ಅದು ಮೈಯನ್ನು ಎಚ್ಚರವಾಗಿಡುತ್ತದೆ. ಅತಿಯಾದರೆ ಮಾತ್ರ ತೊಂದರೆ. ಮೊರ ಸಣ್ಣದು ಎಂದೆನಲ್ಲ, "ನಪಾಸಾದ್ರ ಸಾಲಿ ಬಿಡಸ್ತಾರ, ಮದುವಿ ಮಾಡ್ತಾರ, ಅಪ್ಪ ಏನಂತಾನೋ" ಎಂಬ ಚಿಂತೆಗಳೇ ಆ ಮೊರವನ್ನು ತುಂಬಿಬಿಟ್ಟರೆ ಉತ್ತರಕ್ಕೆ ಜಾಗ ಎಲ್ಲಿದೆ? ಹಗೇವಿನಲ್ಲಿ ಕಾಳು ಇರುತ್ತದೆ, ತೆಗೆದು ಹಾಕಿಕೊಳ್ಳಲು ಮೊರ ಖಾಲಿ ಇರುವುದಿಲ್ಲ. ಹೊರಗೆ ಬಂದು ಮರದ ಕೆಳಗೆ ಕುಳಿತ ಹತ್ತು ನಿಮಿಷಕ್ಕೆ ಉತ್ತರ ತಾನಾಗಿಯೇ ನೆನಪಾಗುವುದು ಇದಕ್ಕೇ. ಆದ್ದರಿಂದ "ತಲಿ ಇಲ್ಲ" ಎಂದು ದಿನಾಲು ಅನ್ನುವುದು ಬುದ್ಧಿ ಹೇಳಿದಂತಾಗುವುದಿಲ್ಲ. ಹುಡುಗಿಯ ಮೊರಕ್ಕೆ ಕಲ್ಲು ತುಂಬಿದಂತಾಗುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಕಲಿತ ಜಾಗವೂ ನೆನಪಿಗೆ ಆನಿಕೆಯಾಗುತ್ತದೆ. 1975ರಲ್ಲಿ ಬ್ರಿಟನ್ನಿನ ಗಾಡನ್ ಮತ್ತು ಬ್ಯಾಡ್ಲಿ ಎಂಬವರು ಮುಳುಗುಗಾರರಿಗೆ ಕೆಲವು ಶಬ್ದಗಳನ್ನು ನೀರಿನೊಳಗೆ, ಕೆಲವನ್ನು ದಡದಲ್ಲಿ ಕಲಿಸಿ ನೋಡಿದರು. ನೀರಿನಲ್ಲಿ ಕಲಿತದ್ದು ನೀರಿನಲ್ಲೇ, ದಡದಲ್ಲಿ ಕಲಿತದ್ದು ದಡದಲ್ಲೇ ಹೆಚ್ಚು ನೆನಪಾಯಿತು. ಹಾಸಿಗೆಯಲ್ಲಿ ಒರಗಿ, ಬಾಯಿಂದ ಹೇಳಿ ಕಲಿತದ್ದನ್ನು ಬೆಂಚಿನ ಮೇಲೆ ಕುಳಿತು ಕೈಯಿಂದ ಬರೆಯುವಾಗ ತಡವರಿಸುವುದು ಸಹಜ. ವಾರಕ್ಕೆ ಒಂದೆರಡು ಸಲವಾದರೂ ಗಡಿಯಾರ ಮುಂದಿಟ್ಟು, ನೆಟ್ಟಗೆ ಕುಳಿತು, ಹಳೆಯ ಪ್ರಶ್ನಪತ್ರಿಕೆಗೆ ಉತ್ತರ ಬರೆಯಿಸಿ. ಪರೀಕ್ಷೆ ಅಪರಿಚಿತವಾಗಿ ಉಳಿಯುವುದಿಲ್ಲ, ಹೆದರಿಕೆಯೂ ಅಷ್ಟಕ್ಕಷ್ಟೇ ಇಳಿಯುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

ಸೋದರಿ, ನೀವು ಸಾಲಿ ಕಲಿತಿರಲಿ, ಕಲಿಯದೇ ಇರಲಿ, ಇಷ್ಟನ್ನು ಮಾಡಬಹುದು.

ಒಂದು, ದಿನಕ್ಕೆ ಮುಕ್ಕಾಲು ತಾಸಿನ ಎರಡು ಹೊತ್ತು ಮಗಳಿಗೇ ಮೀಸಲಿಡಿ. ಆ ಹೊತ್ತಿನಲ್ಲಿ ಕಸ, ಮುಸುರೆ, ತಮ್ಮನ ಚಾಕರಿ ಯಾವುದಕ್ಕೂ ಅವಳನ್ನು ಕರೆಯಬೇಡಿ. ಟೀವಿ ಬಂದ್, ಮೊಬೈಲು ನಿಮ್ಮ ಕೈಗೆ.

ಎರಡು, ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ. "ಏನ ಓದಿದೆವ್ವಾ, ನನಗ ತಿಳಿಯೂಹಂಗ ಹೇಳು" ಅನ್ನಿ. ಪಲ್ಯೆ ಸೋಸುತ್ತ ಕೇಳಿದರೂ ಆದೀತು. ಅವಳು ಹೇಳುವಾಗ "ಯಾಕ?", "ಆಮ್ಯಾಲೆ ಏನಾತು?" ಎಂದು ನಡುವೆ ಕೇಳಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ನಿಮಗೆ ತಿಳಿಯುವ ಹಾಗೆ ಹೇಳಲು ಬಂದರೆ ಅವಳಿಗೆ ಬಂದಿದೆ ಎಂದೇ ಅರ್ಥ. ತಡವರಿಸಿದ ಕಡೆ ಪುಸ್ತಕ ತೆಗೆದು ನೋಡಲಿ, ಮತ್ತೆ ಮುಚ್ಚಿ ಹೇಳಲಿ. ಗಣಿತವನ್ನು ಮಾತ್ರ ಕಣ್ಣಿಂದ ಓದಿ ಬಿಡಬಾರದು. ಬಿಡಿಸಿದ ಲೆಕ್ಕವನ್ನು ಮುಚ್ಚಿ, ಖಾಲಿ ಹಾಳೆಯ ಮೇಲೆ ತಾನೇ ಬಿಡಿಸಬೇಕು.

ಮೂರು, ಅಂತರ ಬಿಟ್ಟು ಕೇಳಿ. ಇವತ್ತಿನ ಪಾಠವನ್ನು ನಾಳೆ ಒಮ್ಮೆ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದ ಹಾಗೆ ಪಾಠದ ಹೆಸರು ಬರೆದಿಟ್ಟರೆ ಸಾಕು. ಪ್ರತಿ ಸಲವೂ ಹೊತ್ತು ಕಡಿಮೆ ಹಿಡಿಯುವುದನ್ನು ನೀವೇ ಕಾಣುವಿರಿ.

ನಾಲ್ಕು, ಹೊಸದನ್ನು ಹಳೆಯದಕ್ಕೆ ಗಂಟುಹಾಕಿಸಿ. ನವಲಗುಂದ ದಾಟಿ ಹೋದರೆ ನರಗುಂದದ ಗುಡ್ಡ ಕಾಣುತ್ತದೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಎದ್ದದ್ದು ಅಲ್ಲಿಯೇ. ಉತ್ತರದಲ್ಲಿ 1857ರಲ್ಲಿ ದಂಗೆ, ಮರುವರ್ಷ ನಮ್ಮ ನರಗುಂದ ಎಂದು ಗುಡ್ಡದ ಜೊತೆಗೆ ಇಸವಿ ಜೋಡಿಸಿದರೆ ಮರೆಯುವುದು ಕಷ್ಟ. ಬರೀ ಅಂಕಿಗೆ ಹಿಡಿಕೆ ಇರುವುದಿಲ್ಲ, ಗುಡ್ಡಕ್ಕೆ ಇರುತ್ತದೆ.

ಐದು, ನಿದ್ದೆ ಕೆಡಿಸಬೇಡಿ. ಕಲಿತ ಮೇಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆ ಎಂದು ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಖ್ 1924ರಲ್ಲೇ ತೋರಿಸಿದರು. ಹಗೇವಿಗೆ ಕಾಳು ಇಳಿಯುವ ಕೆಲಸ ರಾತ್ರಿ ನಿದ್ದೆಯಲ್ಲಿ ಬಹಳ ಮಟ್ಟಿಗೆ ನಡೆಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಜಾಗರಣೆ ಮಾಡುವುದು ಶಿವರಾತ್ರಿಗೆ ಸರಿ, ಎಸ್ಸೆಸ್ಸೆಲ್ಸಿಗೆ ಅಲ್ಲ.

ಇಷ್ಟು ಮಾಡಿಯೂ ಹುಡುಗಿಗೆ ಕಷ್ಟವಾದರೆ ಬೇರೆ ಕಾರಣ ಹುಡುಕಬೇಕು. ಬೋರ್ಡಿನ ಮೇಲಿನದು ಕಾಣದಿದ್ದರೆ ಕಣ್ಣು ತೋರಿಸಿ. ಸದಾ ಸುಸ್ತು, ಮುಖ ಬಿಳಿಚಿಕೊಂಡಿದ್ದರೆ ರಕ್ತ ತಪಾಸಣೆ ಮಾಡಿಸಿ. ರಕ್ತಹೀನತೆ ಇದ್ದ ಹುಡುಗಿಗೆ ಲಕ್ಷ್ಯ ನಿಲ್ಲುವುದು ಕಷ್ಟ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಕಿಟಕಿಯಾಚೆ ಎಸೆಯದೆ ನುಂಗಲಿ. ಸಣ್ಣಂದಿನಿಂದಲೂ ಅಕ್ಷರ ತಿರುವುಮುರುವಾಗುವುದು, ಓದಲು ಬಹಳ ತಡವರಿಸುವುದು ಇದ್ದರೆ ಅದು ಕಲಿಕೆಯ ಒಂದು ವಿಶೇಷ ತೊಡಕು ಇರಬಹುದು, ದಡ್ಡತನವಲ್ಲ. ಶಾಲೆಯ ಗುರುಗಳಿಗೆ ಹೇಳಿ ತಜ್ಞರಿಗೆ ತೋರಿಸಬೇಕು. ಎರಡು ವಾರಕ್ಕೂ ಮೇಲೆ ಊಟ, ನಿದ್ದೆ ಬಿಟ್ಟು ಮಂಕಾಗಿ ಕುಳಿತರೆ ತಡಮಾಡಬೇಡಿ. "ನಾ ಇದ್ದರೇನು, ಸತ್ತರೇನು" ಎಂಬ ಮಾತು ಬಂದರಂತೂ ಎರಡು ವಾರ ಕಾಯುವುದಲ್ಲ, ಅಂದೇ ಎದ್ದು ಹೊರಡಿ, ಅವಳನ್ನು ಒಬ್ಬಳನ್ನೇ ಬಿಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಯಜಮಾನರಿಗೊಂದು ಮಾತು

ಈ ಭಾಗವನ್ನು ಅವರಿಗೆ ಓದಿ ಹೇಳಿರಿ. ಅಣ್ಣಾವರೇ, ನಿಮ್ಮ ಮಗಳ ಮೇಲೆ ನಿಮಗೆ ಮಮತೆ ಇಲ್ಲ ಎಂದು ನಾನು ಅನ್ನುವುದಿಲ್ಲ. ಖರ್ಚು, ಕಾಲ, ಮಂದಿಯ ಬಾಯಿ ಎಲ್ಲ ನೋಡಿ ಹೇಳಿದ ಮಾತು ಅದು. ಆದರೆ ಒಂದು ಪರೀಕ್ಷೆಯಲ್ಲಿ ಮೂರು ವಿಷಯ ಹೋದದ್ದು ಬುದ್ಧಿಯ ಅಳತೆಯಲ್ಲ, ಓದಿದ ರೀತಿಯ ಅಳತೆ. ಒಂದು ವರ್ಷ ಕಡಲೆ ಸರಿಯಾಗಿ ಬರಲಿಲ್ಲವೆಂದು ಹೊಲ ಮಾರುತ್ತೀರೇನು? ಬೀಜ, ಹದ, ಮಳೆ ಯಾವುದು ತಪ್ಪಿತು ಎಂದು ನೋಡುತ್ತೀರಿ. ಮಗಳ ವಿಷಯದಲ್ಲೂ ಅಷ್ಟೇ ತಾಳ್ಮೆ ಇರಲಿ. ಒಂದು ಸಲ ಹೋದರೆ ಮತ್ತೆ ಬರೆಯುವ ದಾರಿ ಇದೆ. 2024ರಿಂದ ನಮ್ಮ ರಾಜ್ಯದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಅದೇ ವರ್ಷದಲ್ಲೇ ಮತ್ತೆ ಕುಳಿತು ಹೋದ ವಿಷಯ ಕಟ್ಟಿಕೊಳ್ಳುವ ಏರ್ಪಾಡು ಬಂದಿದೆ.

ಮದುವೆಯ ಮಾತು ಬೇರೆಯೇ. ಹದಿನೆಂಟು ತುಂಬದ ಹುಡುಗಿಗೆ ಅಕ್ಕಿಕಾಳು ಹಾಕುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧ. ನಮ್ಮ ರಾಜ್ಯದ ತಿದ್ದುಪಡಿಯಂತೆ ಅಂಥ ಮದುವೆ ಕಾಯ್ದೆಯ ಕಣ್ಣಿನಲ್ಲಿ ಮದುವೆಯೇ ಅಲ್ಲ. ಅಕ್ಕನ ಮಗ ಎಲ್ಲಿಗೂ ಓಡಿಹೋಗುವುದಿಲ್ಲ, ಸಂಬಂಧವೂ ಮುರಿಯುವುದಿಲ್ಲ. ಬಿಟ್ಟ ಸಾಲಿಗೆ ತಿರುಗಿ ಹೋಗುವ ಹುಡುಗಿಯರು ಮಾತ್ರ ಕಡಿಮೆ. ಎಷ್ಟು ತಿಳಿಹೇಳಿದರೂ ಮನೆಯಲ್ಲಿ ಮಾತು ನಡೆಯದಿದ್ದರೆ, ಸೋದರಿ, ಮಕ್ಕಳ ಸಹಾಯವಾಣಿ 1098 ಇದೆ. ಊರಿನ ಅಂಗನವಾಡಿ ಕಾರ್ಯಕರ್ತೆಯವರ ಕಿವಿಗೂ ಹಾಕಬಹುದು.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ನಿಮ್ಮ ಮಗಳಿಗೆ ತಲೆ ಇದೆ. ಅದರೊಳಗೆ ಹಾಕುವುದನ್ನೇ ಎಲ್ಲರೂ ಕಲಿಸಿದ್ದಾರೆ, ತೆಗೆಯುವುದನ್ನು ಯಾರೂ ಕಲಿಸಿಲ್ಲ. ಇವತ್ತು ಸಂಜೆ ರೊಟ್ಟಿ ಬಡಿಯುವಾಗ ಅವಳನ್ನು ಒಲೆಯ ಹತ್ತಿರ ಕೂಡ್ರಿಸಿಕೊಂಡು, ಪುಸ್ತಕ ಮುಚ್ಚಿಸಿ, ಒಂದು ಪಾಠ ಕೇಳಿ ನೋಡಿ. ಮೊದಲ ದಿನ ಅರ್ಧ ಹೇಳಿಯಾಳು. ಅರ್ಧಕ್ಕೇ "ಶಾಣೇಕಿ ಅದಿ" ಅನ್ನಿ. ಉಳಿದರ್ಧ ತಾನಾಗಿ ಬರುತ್ತದೆ.

ಮುಂದಿನ ಸಂಚಿಕೆಯಲ್ಲಿ ಸಿಟ್ಟಿನ ವಿಚಾರ. ಸಿಟ್ಟು ಮೊದಲು ಮೈಗೆ ಬರುತ್ತದೋ, ಮನಸ್ಸಿಗೋ? ನಿಮ್ಮ ಅನುಭವ ಬರೆದು ಕಳಿಸಿರಿ. ಹೆಸರು ಗುಟ್ಟಾಗಿಡುತ್ತೇವೆ.